ಬೀಗ ಹಾಕಿದ್ದ ಪಾಠವನ್ನು ತೆರೆದಿಟ್ಟ ಗಾಸ್ಪಾರ್ ಮೊಂಜ್

ಈ ಸಲದ ವಾರ್ತಾಪತ್ರಕ್ಕೆ ಒಬ್ಬ ವಿಜ್ಞಾನಿಯ ಪರಿಚಯ ಬರೆದುಕೊಡಬೇಕೆಂದು ಮೇಡಂ ಹೇಳಿದಾಗ ನಮ್ಮ ತರಗತಿಯಲ್ಲಿ ಹೆಸರುಗಳು ಐದೇ ನಿಮಿಷದಲ್ಲಿ ಹಂಚಿಹೋದವು. ಅಬ್ದುಲ್ ಕಲಾಂ, ಸಿ.ವಿ. ರಾಮನ್, ಇಬ್ನ್ ಅಲ್ ಹೈಸಮ್, ಮೇರಿ ಕ್ಯೂರಿ ಯಾರೂ ಉಳಿಯಲಿಲ್ಲ. ನಾನು ಗಾಸ್ಪಾರ್ ಮೊಂಜ್ ಎಂದೆ. ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಯಾರು ಅದು, ಫುಟ್‌ಬಾಲ್ ಆಟಗಾರನಾ ಎಂದು ಒಬ್ಬಳು ಕೇಳಿದಳು. ಅವಳು ಮುಂದಿನ ವರ್ಷ ಎಂಜಿನಿಯರಿಂಗ್ ಸೇರಿದರೆ ಮೊದಲ ವರ್ಷವೇ ಈ ಮನುಷ್ಯನ ಕೈಗೆ ಸಿಕ್ಕಿಬೀಳುತ್ತಾಳೆ. ಎಂಜಿನಿಯರಿಂಗ್ ಡ್ರಾಯಿಂಗ್ ಎಂಬ ವಿಷಯದ ಬುನಾದಿ ಹಾಕಿದವರು ಅವರೇ.

ಈ ಹೆಸರು ನನಗೆ ಸಿಕ್ಕಿದ್ದು ಹೇಗೆ ಎಂದು ಮೊದಲು ಹೇಳುತ್ತೇನೆ. ನನ್ನ ಅಬ್ಬಾ ಸೆಂಟ್ರಿಂಗ್ ಮೇಸ್ತ್ರಿ. ಕಾಂಕ್ರೀಟ್ ಸುರಿಯುವ ಮುಂಚೆ ಹಲಗೆ, ಪ್ಲೈವುಡ್ ಕಟ್ಟಿ ಅಚ್ಚು ಮಾಡಿಕೊಡುವ ಕೆಲಸ. ಅವರು ಏಳನೆಯ ತರಗತಿಗೇ ಶಾಲೆ ಬಿಟ್ಟವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯ ಮೆಟ್ಟಿಲಿಗೆ ಶೀಟು ಕೊಯ್ಯಬೇಕಿತ್ತು. ಪ್ಲಾನಿನ ಕಾಗದದಲ್ಲಿ ಮೆಟ್ಟಿಲಿನ ಉದ್ದ 6 ಅಡಿ ಎಂದಿತ್ತು. ಅಬ್ಬಾ 6 ಅಡಿಗೇ ಕೊಯ್ದರು. ನಿಲ್ಲಿಸಿ ನೋಡಿದರೆ ಒಂದೂವರೆ ಅಡಿ ಕಡಿಮೆ. ಹಾಳಾದ ಶೀಟುಗಳ ದುಡ್ಡನ್ನು ಆ ಕಾಂಟ್ರಾಕ್ಟರ್ ಕೂಲಿಯಲ್ಲಿ ಹಿಡಿದುಕೊಂಡ. ಕಾಗದದಲ್ಲಿ ತಪ್ಪಿರಲಿಲ್ಲ. ಅದು ಮೇಲಿನಿಂದ ನೋಡಿದ ಅಳತೆ, ಇಳಿಜಾರಿನ ನಿಜವಾದ ಉದ್ದವಲ್ಲ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಆ ಮಾತು ನನ್ನ ತಲೆಯಲ್ಲಿ ಉಳಿದಿತ್ತು. ನನಗೆ ಆರ್ಕಿಟೆಕ್ಚರ್ ಓದುವ ಆಸೆ. ಅದರ ಪ್ರವೇಶ ಪರೀಕ್ಷೆಗೆ ತಯಾರಿ ಕೊಡುವ ಒಂದು ಕಡೆ ವಿಚಾರಿಸಿದೆವು. ಅವರು ಹೇಳಿದ ಶುಲ್ಕ ಕೇಳಿ ಅಬ್ಬಾ ಏನೂ ಮಾತಾಡದೆ ಚಪ್ಪಲಿ ಹಾಕಿಕೊಂಡರು. ಅಲ್ಲಿ ಸೇರಿದ್ದ ಗೆಳತಿಯ ಬಳಿ ಪುಸ್ತಕ ಕೇಳಿದರೆ ಅವಳು ಪಾಪ ಹಿಂಜರಿದಳು. ಪ್ರತಿ ಪುಟದ ಮೇಲೂ ಅವಳ ಹೆಸರು, ನಂಬರ್ ಅಚ್ಚಾಗಿತ್ತು. ಜೆರಾಕ್ಸ್ ಆದದ್ದು ಗೊತ್ತಾದರೆ ಅವಳನ್ನೇ ಕೇಳುತ್ತಾರಂತೆ. ಆಮೇಲೆ ನಮ್ಮ ಗ್ರಂಥಾಲಯದ ಕೆಳಗಿನ ಕಪಾಟಿನಲ್ಲಿ, ಯಾರೋ ದಾನ ಕೊಟ್ಟ ಪುಸ್ತಕಗಳ ರಾಶಿಯಲ್ಲಿ, ರಟ್ಟು ಹೋದ ಒಂದು ಡ್ರಾಯಿಂಗ್ ಪುಸ್ತಕ ಸಿಕ್ಕಿತು. ಅದರ ಮುನ್ನುಡಿಯಲ್ಲಿ ಮೊಂಜ್ ಅವರ ಹೆಸರಿತ್ತು. ಅವರ ವಿಧಾನವನ್ನು ಬಹುಕಾಲ ಹೊರಗೆ ಬಿಡದೆ ಇಟ್ಟಿದ್ದರು ಎಂಬ ಒಂದು ಸಾಲೂ ಇತ್ತು. ಮುಂದಿನದನ್ನೆಲ್ಲ ಹುಡುಕಿ ಓದಿದೆ.

ಮೊಂಜ್ ಹುಟ್ಟಿದ್ದು 1746ರಲ್ಲಿ, ಫ್ರಾನ್ಸಿನ ಬರ್ಗಂಡಿ ಸೀಮೆಯ ಬೋನ್ ಎಂಬ ಊರಿನಲ್ಲಿ. ತಂದೆ ಸಣ್ಣ ವ್ಯಾಪಾರಿ, ಊರೂರು ಸುತ್ತಿ ಸಾಮಾನು ಮಾರಿ ಬದುಕಿದವರು. ಆದರೆ ಮಕ್ಕಳನ್ನು ಓದಿಸುವುದರಲ್ಲಿ ಹಿಂದೆಮುಂದೆ ನೋಡಲಿಲ್ಲ. ಮೂವರು ಗಂಡುಮಕ್ಕಳೂ ಮುಂದೆ ಗಣಿತದ ಮೇಷ್ಟರಾದರು. ಗಾಸ್ಪಾರ್ ಊರಿನಲ್ಲಿ ಪಾದ್ರಿಗಳು ನಡೆಸುತ್ತಿದ್ದ ಶಾಲೆಯಲ್ಲಿ ಓದಿ, 16ರ ವಯಸ್ಸಿಗೆ ಲಿಯಾನ್ ನಗರಕ್ಕೆ ಹೋದರು. ಮರುವರ್ಷ ಅಲ್ಲಿಯೇ ಭೌತಶಾಸ್ತ್ರ ಪಾಠ ಮಾಡುತ್ತಿದ್ದರು. ಅಂದರೆ ನಮ್ಮ ವಯಸ್ಸಿಗೆ ಅವರು ಮೇಷ್ಟರು. (ಇದನ್ನು ಓದಿ ನಮ್ಮ ಫಿಸಿಕ್ಸ್ ಸರ್ ಖುಷಿಪಡುತ್ತಾರೆ ಎಂದು ನನಗೆ ಗೊತ್ತು.)

1764ರಲ್ಲಿ ಊರಿಗೆ ಬಂದ ಹುಡುಗ ಇಡೀ ಬೋನ್ ಪಟ್ಟಣದ ನಕ್ಷೆ ಬರೆದರು. ಅಳೆಯುವ ಉಪಕರಣಗಳನ್ನೂ ತಾವೇ ಮಾಡಿಕೊಂಡರು. ಆ ನಕ್ಷೆ ಒಬ್ಬ ಸೇನಾಧಿಕಾರಿಯ ಕಣ್ಣಿಗೆ ಬಿತ್ತು. ಮೆಜಿಯೇರ್ ಎಂಬಲ್ಲಿ ರಾಜನ ಸೈನ್ಯದ ಎಂಜಿನಿಯರುಗಳನ್ನು ತಯಾರು ಮಾಡುವ ಹೆಸರಾಂತ ಶಾಲೆ ಇತ್ತು. ಅಧಿಕಾರಿ ಅವರನ್ನು ಅಲ್ಲಿಗೆ ಶಿಫಾರಸು ಮಾಡಿದ. ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತಲ್ಲವೇ? ಹಾಗಾಗಲಿಲ್ಲ. ಆ ಶಾಲೆಯ ಅಧಿಕಾರಿ ವರ್ಗಕ್ಕೆ ಸೇರಬೇಕಾದರೆ ದೊಡ್ಡ ಮನೆತನದಲ್ಲಿ ಹುಟ್ಟಿರಬೇಕು. ವ್ಯಾಪಾರಿಯ ಮಗನಿಗೆ ಸಿಕ್ಕಿದ್ದು ಅದೇ ಆವರಣದ ಇನ್ನೊಂದು ಕೋಣೆ. ಅಲ್ಲಿ ನಕ್ಷೆಗಳ ಪ್ರತಿ ತೆಗೆಯುವುದು, ಪ್ಲಾಸ್ಟರ್ ಕಲಸಿ ಕೋಟೆಗಳ ಮಾದರಿ ಮಾಡುವುದು ಕೆಲಸ. ಪಕ್ಕದ ಕೋಣೆಯಲ್ಲಿ ಪಾಠ ನಡೆಯುತ್ತಿತ್ತು. ಇವರು ಈ ಕಡೆ ಪ್ಲಾಸ್ಟರ್ ಕಲಸುತ್ತಿದ್ದರು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಆ ಕೋಣೆಯಲ್ಲಿದ್ದಾಗಲೇ ಅವರಿಗೆ ಒಂದು ಲೆಕ್ಕ ಒಪ್ಪಿಸಲಾಯಿತು. ಒಂದು ಕೋಟೆ ಕಟ್ಟಬೇಕು, ಸುತ್ತ ಗುಡ್ಡಗಳಿವೆ. ಗುಡ್ಡದ ಮೇಲೆ ಶತ್ರು ತೋಪು ಇಟ್ಟರೂ ಕೋಟೆಯ ಒಳಗಿದ್ದವರಿಗೆ ಗುಂಡು ತಗಲಬಾರದು. ಹಾಗಾದರೆ ಯಾವ ಗೋಡೆ ಎಷ್ಟು ಎತ್ತರ ಇರಬೇಕು? ಆಗ ಇದನ್ನು ನೂರಾರು ಅಳತೆ ತೆಗೆದು, ಉದ್ದುದ್ದ ಅಂಕಗಣಿತ ಮಾಡಿ ಬಿಡಿಸುತ್ತಿದ್ದರು. ಮೊಂಜ್ ಲೆಕ್ಕ ಮಾಡದೆ ಗೆರೆ ಎಳೆದರು, ಬಹಳ ಬೇಗ ಉತ್ತರ ತಂದರು. ಇಷ್ಟು ಹೊತ್ತಿನಲ್ಲಿ ಲೆಕ್ಕ ಮುಗಿಯುವುದು ಸಾಧ್ಯವೇ ಇಲ್ಲ ಎಂದು ಮೇಲಧಿಕಾರಿ ಕಾಗದವನ್ನು ನೋಡಲೂ ಒಪ್ಪಲಿಲ್ಲ ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಕೊನೆಗೆ ನೋಡಿದರೆ ಉತ್ತರ ಸರಿ ಇತ್ತು.

ಅವರ ಉಪಾಯವನ್ನು ನೀವು ಈಗಲೇ ಮಾಡಿ ನೋಡಬಹುದು. ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಅರ್ಧ ತೆರೆಯಿರಿ. ಒಂದು ಪುಟ ಮಲಗಿರಲಿ, ಇನ್ನೊಂದು ನೆಟ್ಟಗೆ ನಿಂತಿರಲಿ. ಎರಡರ ನಡುವೆ ಗಾಳಿಯಲ್ಲಿ ಒಂದು ಪೆನ್ನನ್ನು ಓರೆಯಾಗಿ ಹಿಡಿಯಿರಿ. ಪೆನ್ನಿನ ಎರಡು ತುದಿಗಳಿಂದ ನೇರ ಕೆಳಗೆ ಗೆರೆ ಇಳಿಸಿದರೆ ಮಲಗಿದ ಪುಟದ ಮೇಲೆ ಒಂದು ಚಿತ್ರ ಬೀಳುತ್ತದೆ, ಅದು ಪ್ಲಾನ್. ಅದೇ ತುದಿಗಳಿಂದ ನೇರ ಹಿಂದಕ್ಕೆ ಗೆರೆ ಒಯ್ದರೆ ನಿಂತ ಪುಟದ ಮೇಲೆ ಇನ್ನೊಂದು ಚಿತ್ರ, ಅದು ಎಲಿವೇಶನ್. ಈಗ ಪೆನ್ನು ತೆಗೆದು ನಿಂತ ಪುಟವನ್ನೂ ಮಲಗಿಸಿಬಿಡಿ. ಗಾಳಿಯಲ್ಲಿದ್ದ ವಸ್ತುವಿನ ಉದ್ದ, ಅಗಲ, ಎತ್ತರ ಮೂರೂ ಒಂದೇ ಚಪ್ಪಟೆ ಹಾಳೆಯ ಮೇಲೆ ಬಂದವು. ಈ ಎರಡು ಚಿತ್ರಗಳಿದ್ದರೆ ಪೆನ್ನಿನ ನಿಜವಾದ ಉದ್ದವನ್ನು ಗೆರೆ ಎಳೆದೇ ಕಂಡುಹಿಡಿಯಬಹುದು. ಅಬ್ಬಾ ಅವರ ಮೆಟ್ಟಿಲು ಪ್ಲಾನಿನಲ್ಲಿ 6 ಅಡಿ, ಎಲಿವೇಶನ್‌ನಲ್ಲಿ ಏರು ನಾಲ್ಕೂವರೆ ಅಡಿ. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಅದರ ತುದಿಯಲ್ಲಿ ನೆಟ್ಟಗೆ ಎಳೆದು ತುದಿಗಳನ್ನು ಸೇರಿಸಿ ಅಳೆದರೆ ಏಳೂವರೆ ಅಡಿ. ಪೈಥಾಗೊರಸ್ ಪ್ರಮೇಯ ಗೊತ್ತಿದ್ದವರಿಗೆ ಆಶ್ಚರ್ಯವಿಲ್ಲ. ಆದರೆ ವಸ್ತು ಸರಳ ಗೆರೆಯಾಗಿರದೆ ಕಮಾನು, ಗುಮ್ಮಟ, ಎರಡು ಕೊಳವೆ ಒಂದಕ್ಕೊಂದು ನುಗ್ಗುವ ಜಾಗ ಆಗಿದ್ದರೆ ಸೂತ್ರ ಸುಸ್ತಾಗುತ್ತದೆ, ಈ ಗೆರೆಗಳು ಸುಸ್ತಾಗುವುದಿಲ್ಲ. ಇದಕ್ಕೆ ಡಿಸ್ಕ್ರಿಪ್ಟಿವ್ ಜಾಮಿಟ್ರಿ ಎಂದು ಹೆಸರಾಯಿತು.

ಮೊಂಜ್ ಇದನ್ನು ಶೂನ್ಯದಿಂದ ಸೃಷ್ಟಿಸಿದರು ಎನ್ನುವುದು ಸರಿಯಲ್ಲ. ಕಲ್ಲುಕುಟಿಗರು, ಬಡಗಿಗಳು ನೂರಾರು ವರ್ಷ ಕಮಾನಿನ ಕಲ್ಲುಗಳ ಆಕಾರವನ್ನು ನೆಲದ ಮೇಲೆ ಪೂರ್ಣ ಅಳತೆಗೆ ಗೀಚಿ ತೆಗೆಯುತ್ತಿದ್ದರು. ಆ ವಿದ್ಯೆ ಗುರುವಿನಿಂದ ಶಿಷ್ಯನಿಗೆ, ಹೊರಗಿನವರಿಗೆ ಗೊತ್ತಾಗದಂತೆ ಸಾಗುತ್ತಿತ್ತು. ಫ್ರೆಜಿಯೇ ಎಂಬ ಎಂಜಿನಿಯರ್ 1730ರ ದಶಕದಲ್ಲಿ ಇದರ ಬಗ್ಗೆ ದಪ್ಪ ಗ್ರಂಥಗಳನ್ನೇ ಬರೆದಿದ್ದ. ಬಿಡಿಬಿಡಿಯಾಗಿದ್ದ ಕೈಚಳಕಗಳ ಹಿಂದೆ ಕೆಲವೇ ಸರಳ ನಿಯಮಗಳಿವೆ, ಅವನ್ನು ಯಾರಿಗೆ ಬೇಕಾದರೂ ಕಲಿಸಬಹುದು ಎಂದು ತೋರಿಸಿದ್ದು ಮೊಂಜ್. ಅಂದಹಾಗೆ ನನ್ನ ಅಬ್ಬಾ ಈಗಲೂ ಮೆಟ್ಟಿಲಿನ ಕೆಲಸ ಬಂದರೆ ಪಕ್ಕದ ಗೋಡೆಯ ಮೇಲೆ ನೂಲು ಹಿಡಿದು ಇಡೀ ಮೆಟ್ಟಿಲನ್ನು ನಿಜ ಅಳತೆಗೆ ಬರೆದುಕೊಂಡೇ ಶೀಟು ಕೊಯ್ಯುತ್ತಾರೆ. ಶೀಟು ಹಾಳಾದ ಮೇಲೆ ತಾವಾಗಿಯೇ ಕಂಡುಕೊಂಡ ದಾರಿ ಅದು.

ಈ ಉತ್ತರದಿಂದಾಗಿ ಮೊಂಜ್ ಅವರಿಗೆ ಬಾಗಿಲು ತೆರೆಯಿತು. 1769ರಲ್ಲಿ ಅವರು ಅದೇ ಶಾಲೆಯ ಗಣಿತದ ಅಧ್ಯಾಪಕರಾದರು. ತಮ್ಮನ್ನು ಸೇರಿಸಿಕೊಳ್ಳದ ತರಗತಿಗೇ ಪಾಠ ಮಾಡಿದರು. ಆದರೆ ಒಂದು ಷರತ್ತು. ಈ ವಿಧಾನ ಶಾಲೆಯ ಗೋಡೆಯ ಹೊರಗೆ ಹೋಗಕೂಡದು, ಅಚ್ಚು ಹಾಕಿಸಕೂಡದು. ಕೋಟೆ ಕಟ್ಟುವ ವಿದ್ಯೆ ಶತ್ರು ದೇಶದ ಕೈಗೆ ಸಿಗಬಾರದು ಎಂಬುದು ಸೈನ್ಯದ ವಾದ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಶತ್ರುವಿನ ಜೊತೆಗೆ ಫ್ರಾನ್ಸಿನ ಬಡಗಿ, ಕಲ್ಲುಕುಟಿಗ, ಕಮ್ಮಾರ ಎಲ್ಲರೂ ಹೊರಗೆ ಉಳಿದರು. ಹೀಗೆ ಸುಮಾರು ಮೂವತ್ತು ವರ್ಷ ನಡೆಯಿತು.

ಮಧ್ಯದ ವರ್ಷಗಳನ್ನು ಬೇಗ ದಾಟುತ್ತೇನೆ. 1777ರಲ್ಲಿ ಮದುವೆಯಾಯಿತು. ಪತ್ನಿಗೆ ಒಂದು ಕಬ್ಬಿಣದ ಕುಲುಮೆ ಇತ್ತು, ಅದರಿಂದ ಲೋಹಗಳ ಮೇಲೆ ಆಸಕ್ತಿ ಹುಟ್ಟಿತು. 1780ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ನೌಕಾಪಡೆಯ ವಿದ್ಯಾರ್ಥಿಗಳ ಪರೀಕ್ಷಕರಾಗಿ ಊರೂರು ತಿರುಗಿದರು. 1789ರಲ್ಲಿ ಫ್ರೆಂಚ್ ಕ್ರಾಂತಿ ನಡೆಯಿತು, ಮೊಂಜ್ ಕ್ರಾಂತಿಯ ಪರ ನಿಂತರು. 1792ರ ಆಗಸ್ಟಿನಿಂದ ಎಂಟು ತಿಂಗಳು ನೌಕಾ ಸಚಿವರಾಗಿದ್ದರು. ಆಡಳಿತ ಅವರಿಗೆ ಒಗ್ಗಲಿಲ್ಲ.

1793ರಲ್ಲಿ ಫ್ರಾನ್ಸಿನ ಸುತ್ತ ಯುದ್ಧ. ಇಂಗ್ಲೆಂಡ್, ಜರ್ಮನಿ ಕಡೆಯಿಂದ ಬರುತ್ತಿದ್ದ ಉಕ್ಕು ನಿಂತುಹೋಯಿತು. ಆಗ ಮೊಂಜ್, ಬರ್ತೊಲೆ, ವಾಂಡರ್‌ಮೊಂಡ್ ಮೂವರೂ ಸೇರಿ ಕಬ್ಬಿಣದ ಕೆಲಸಗಾರರಿಗಾಗಿ ಉಕ್ಕು ಮಾಡುವ ಬಗ್ಗೆ ಒಂದು ಪುಸ್ತಿಕೆ ಬರೆದರು, ಸರ್ಕಾರವೇ ಅಚ್ಚು ಹಾಕಿಸಿತು. ಕಬ್ಬಿಣ, ಉಕ್ಕು, ಬೀಡು ಕಬ್ಬಿಣ ಇವುಗಳ ವ್ಯತ್ಯಾಸಕ್ಕೆ ಇಂಗಾಲ ಕಾರಣ ಎಂದು ಅವರೇ ಕೆಲವು ವರ್ಷ ಹಿಂದೆ ವಿದ್ವಾಂಸರಿಗಾಗಿ ಬರೆದಿದ್ದರು. ಈಗ ಅದನ್ನೇ ಕುಲುಮೆಯ ಮುಂದೆ ನಿಲ್ಲುವವನಿಗೆ ಅರ್ಥವಾಗುವಂತೆ ಬರೆದರು. ತೋಪು ಎರಕ ಹೊಯ್ಯುವ ಬಗ್ಗೆ ಮೊಂಜ್ ಚಿತ್ರಗಳ ಸಮೇತ ಇನ್ನೊಂದು ಪುಸ್ತಕ ಬರೆದರು. ಉದ್ದೇಶ ಯುದ್ಧವೇ, ಅದನ್ನು ಮುಚ್ಚಿಡುವುದು ಬೇಡ. ಆದರೂ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಇಲ್ಲಿಯೇ.

1794ರ ಕೊನೆಯಲ್ಲಿ ಪ್ಯಾರಿಸಿನಲ್ಲಿ ಹೊಸ ಎಂಜಿನಿಯರಿಂಗ್ ಶಾಲೆ ತೆರೆಯಿತು. ಮರುವರ್ಷ ಅದಕ್ಕೆ ಎಕೋಲ್ ಪಾಲಿಟೆಕ್ನಿಕ್ ಎಂದು ಹೆಸರಿಟ್ಟರು. ಅದನ್ನು ಕಟ್ಟಿದವರಲ್ಲಿ ಮೊಂಜ್ ಮುಖ್ಯರು. ಪ್ರವೇಶ ಪರೀಕ್ಷೆಯ ಮೂಲಕ, ಮನೆತನ ಕೇಳುವಂತಿಲ್ಲ. ಮೊದಲ ವರ್ಷ ಸುಮಾರು 400 ವಿದ್ಯಾರ್ಥಿಗಳು. ಶುಲ್ಕ ಇಲ್ಲದಿರುವುದು ಮಾತ್ರವಲ್ಲ, ವಿದ್ಯಾರ್ಥಿಗಳಿಗೇ ಸರ್ಕಾರ ಸಂಬಳ ಕೊಟ್ಟಿತು. ಅಲ್ಲಿ ಓದಿದವರ ಹೆಸರು ನಮ್ಮ ಪಠ್ಯಪುಸ್ತಕದಲ್ಲೇ ಇವೆ. ಧ್ರುವೀಕರಣದ ನಿಯಮದ ಮಾಲುಸ್ ಮೊದಲ ಬ್ಯಾಚ್. ಅನಿಲಗಳ ನಿಯಮದ ಗೇ-ಲುಸಾಕ್, ಬೆಳಕಿನ ತರಂಗದ ಫ್ರೆನೆಲ್, ಕಾರ್ನೊ ಎಂಜಿನಿನ ಸಾದಿ ಕಾರ್ನೊ ಆಮೇಲೆ ಬಂದವರು. ಪರೀಕ್ಷೆಯ ಹಿಂದಿನ ರಾತ್ರಿ ನಾವು ಬೈದುಕೊಳ್ಳುವ ಅರ್ಧದಷ್ಟು ಹೆಸರುಗಳು ಒಂದೇ ಕಾಲೇಜಿನವು!

ನನಗೆ ಅದಕ್ಕಿಂತ ಇಷ್ಟವಾದದ್ದು 1795ರ ಜನವರಿಯಿಂದ ಮೇವರೆಗೆ ನಡೆದ ಎಕೋಲ್ ನಾರ್ಮಲ್. ದೇಶದ ಮೂಲೆಮೂಲೆಯಿಂದ ಸುಮಾರು 1400 ಜನರನ್ನು ಮೇಷ್ಟರ ತರಬೇತಿಗೆ ಸರ್ಕಾರದ ಖರ್ಚಿನಲ್ಲಿ ಕರೆಸಿದ್ದರು. ಆ ಚಳಿಗಾಲ ಬಹಳ ಕಠಿಣ, ಪ್ಯಾರಿಸಿನಲ್ಲಿ ಬ್ರೆಡ್ಡಿಗೂ ತತ್ವಾರ. ಸಸ್ಯೋದ್ಯಾನದ ಸಭಾಂಗಣದಲ್ಲಿ ಪಾಠ. ಗಣಿತಕ್ಕೆ ಲಗ್ರಾಂಜ್ ಮತ್ತು ಲಾಪ್ಲಾಸ್, ರಸಾಯನಕ್ಕೆ ಬರ್ತೊಲೆ, ರೇಖಾಗಣಿತಕ್ಕೆ ಮೊಂಜ್. ಕೇಳುತ್ತ ಕುಳಿತವರಲ್ಲಿ ಒಬ್ಬ ದರ್ಜಿಯ ಮಗನಿದ್ದ, ಹೆಸರು ಜೋಸೆಫ್ ಫೂರಿಯೇ. ಎಂಜಿನಿಯರಿಂಗ್ ಗಣಿತದಲ್ಲಿ ಫೂರಿಯರ್ ಸರಣಿ ಎಂದು ಮುಂದೆ ಓದುತ್ತೇವಲ್ಲ, ಅವರೇ.

ಅಲ್ಲಿ ಮೊಂಜ್ ಮೂವತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದ ಪಾಠವನ್ನು ಎಲ್ಲರೆದುರು ಬಿಚ್ಚಿಟ್ಟರು. ಅವರು ಒಳ್ಳೆಯ ಮಾತುಗಾರರಾಗಿರಲಿಲ್ಲವಂತೆ, ಆದರೆ ಎರಡೂ ಕೈಗಳಿಂದ ಗಾಳಿಯಲ್ಲಿ ಆಕಾರ ಬಿಡಿಸುತ್ತಿದ್ದರೆ ಕೇಳುಗರಿಗೆ ಅದು ಕಣ್ಣಿಗೆ ಕಟ್ಟುತ್ತಿತ್ತು. ಶೀಘ್ರಲಿಪಿಗಾರರು ಕುಳಿತು ಪ್ರತಿ ಪಾಠವನ್ನೂ, ವಿದ್ಯಾರ್ಥಿಗಳು ಎದ್ದು ಕೇಳಿದ ಪ್ರಶ್ನೆಗಳನ್ನೂ ಬರೆದುಕೊಂಡರು. ಅದು ಅಚ್ಚಾಗಿ ಹೊರಗೆ ಹೋಯಿತು. ಸಭಾಂಗಣಕ್ಕೆ ಬರಲಾಗದವನೂ ಓದಬಹುದು. ಇಂದು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್‌ನಲ್ಲಿ ಅಧ್ಯಾಪಕರ ಪಾಠವನ್ನು ಕ್ಯಾಮೆರಾದಲ್ಲಿ ಹಿಡಿದು ಉಚಿತವಾಗಿ ಬಿಡುತ್ತಾರೆ. ಆಗ ಕ್ಯಾಮೆರಾ ಬದಲು ಲೇಖನಿ ಇತ್ತು. ಆ ಪಾಠಗಳೇ 1799ರಲ್ಲಿ ಪುಸ್ತಕವಾಗಿ ಬಂದವು. ಅವುಗಳ ಆರಂಭದಲ್ಲಿ ಮೊಂಜ್ ಈ ವಿದ್ಯೆ ಎಂಜಿನಿಯರುಗಳಿಗೆ ಮಾತ್ರವಲ್ಲ, ಕೈಕೆಲಸ ಮಾಡುವವರಿಗೂ ತಿಳಿದಿರಬೇಕು ಎಂಬುದನ್ನು ಒತ್ತಿ ಹೇಳುತ್ತಾರೆ.

ಪುಸ್ತಕ ಅಚ್ಚಾದ ವರ್ಷ ಮೊಂಜ್ ಈಜಿಪ್ಟಿನಲ್ಲಿದ್ದರು. ಇಲ್ಲಿಂದ ಅವರ ಕಥೆ ನನಗೆ ಕಷ್ಟವಾಗುತ್ತದೆ. ನೆಪೋಲಿಯನ್ ಅವರ ಆಪ್ತ ಗೆಳೆಯನಾಗಿದ್ದ. ಅದಕ್ಕೆ ಮೊದಲು 1796ರಲ್ಲಿ ಇಟಲಿಯಿಂದ ಕಲಾಕೃತಿಗಳನ್ನು ಆರಿಸಿ ಪ್ಯಾರಿಸಿಗೆ ಸಾಗಿಸಿದ ತಂಡದಲ್ಲೂ ಮೊಂಜ್ ಇದ್ದರು. ಅದು ಲೂಟಿಯೇ. 1798ರಲ್ಲಿ ಫ್ರೆಂಚ್ ಸೈನ್ಯದ ಜೊತೆ ಕೈರೋಗೆ ಹೋಗಿ, ಅಲ್ಲಿ ಸ್ಥಾಪನೆಯಾದ ವಿಜ್ಞಾನ ಸಂಸ್ಥೆಯ ಮೊದಲ ಅಧ್ಯಕ್ಷರಾದರು. ಮರುಭೂಮಿಯಲ್ಲಿ ಬಾಯಾರಿದ ಸೈನಿಕರಿಗೆ ದೂರದಲ್ಲಿ ನೀರು ಕಂಡು, ಹತ್ತಿರ ಹೋದರೆ ಮಾಯವಾಗುತ್ತಿತ್ತು. ನೆಲದ ಹತ್ತಿರದ ಬಿಸಿ ಗಾಳಿಯ ಪದರದಿಂದ ಬೆಳಕು ಹೀಗೆ ಮೋಸ ಮಾಡುತ್ತದೆ ಎಂದು ಮೊಂಜ್ ವಿವರಿಸಿದರು. ಬೆಳಕಿನ ಪಾಠದಲ್ಲಿ ಬರುವ ಮರೀಚಿಕೆ ಇದೇ.

ಆಗ ಕೈರೋದಲ್ಲಿದ್ದ ಇತಿಹಾಸಕಾರ ಅಬ್ದುಲ್ ರಹ್ಮಾನ್ ಅಲ್ ಜಬರ್ತಿ ಆ ಸಂಸ್ಥೆಯ ಗ್ರಂಥಾಲಯಕ್ಕೆ ಹಲವು ಸಲ ಹೋಗಿದ್ದರು. ಬಂದವರನ್ನು ಬರಮಾಡಿಕೊಂಡು ಪುಸ್ತಕ ತೋರಿಸುತ್ತಿದ್ದುದನ್ನು ಮೆಚ್ಚಿ ಬರೆದಿದ್ದಾರೆ. ಅದೇ ಅಕ್ಟೋಬರಿನಲ್ಲಿ ನಗರದ ಜನ ದಂಗೆ ಎದ್ದಾಗ ಅದೇ ಫ್ರೆಂಚರು ಅಲ್ ಅಜ್‌ಹರ್ ಮೇಲೆ ತೋಪು ಹಾರಿಸಿದ್ದನ್ನು, ಕುದುರೆಗಳ ಸಮೇತ ಮಸೀದಿಗೆ ನುಗ್ಗಿದ್ದನ್ನೂ ಅವರೇ ದಾಖಲಿಸಿದ್ದಾರೆ. ಎರಡನ್ನೂ ಒಬ್ಬರೇ ಬರೆದರು, ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ. ಮೊಂಜ್ ಬಗ್ಗೆ ಬರೆಯುವಾಗ ನಾನೂ ಹಾಗೆಯೇ ಮಾಡಬೇಕು ಎನಿಸಿತು. 1826ರಲ್ಲಿ ಈಜಿಪ್ಟಿನಿಂದ ವಿದ್ಯಾರ್ಥಿಗಳ ತಂಡ ಪ್ಯಾರಿಸಿಗೆ ಓದಲು ಹೋದಾಗ ಅವರ ಓದಿನ ಉಸ್ತುವಾರಿ ನೋಡಿಕೊಂಡ ಜೋಮಾರ್, ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದಿ ಆ ದಂಡಯಾತ್ರೆಯಲ್ಲೂ ಇದ್ದವರು.

ನೆಪೋಲಿಯನ್ ಚಕ್ರವರ್ತಿಯಾದ ಮೇಲೆ 1804ರಲ್ಲಿ ಎಕೋಲ್ ಪಾಲಿಟೆಕ್ನಿಕ್‌ಗೆ ಸೈನಿಕ ಸಮವಸ್ತ್ರ ತೊಡಿಸಿದ, ಮರುವರ್ಷ ಶುಲ್ಕವನ್ನೂ ಹಾಕಿದ. ಮೊಂಜ್ ಅವರ ಗೆಳೆಯನೇ ಬಡವರ ಬಾಗಿಲಿಗೆ ಮತ್ತೆ ಚಿಲಕ ಹಾಕಿದಂತಾಯಿತು. ಮೊಂಜ್ ಸೆನೆಟಿನಲ್ಲಿ ಉಳಿದರು, ಕೌಂಟ್ ಎಂಬ ಬಿರುದನ್ನೂ ತೆಗೆದುಕೊಂಡರು. ಮನೆತನ ಇಲ್ಲವೆಂದು ಹೊರಗಿಟ್ಟಿದ್ದ ಹುಡುಗ ಇವರೇ. ನನಗೆ ಇದು ಇಷ್ಟವಾಗಲಿಲ್ಲ.

ನೆಪೋಲಿಯನ್ ಸೋತ ಮೇಲೆ ರಾಜರು ಮರಳಿ ಬಂದರು. 1816ರಲ್ಲಿ ಮೊಂಜ್ ಅವರನ್ನು ಅಕಾಡೆಮಿಯಿಂದ ತೆಗೆದುಹಾಕಿದರು. ಅದೇ ವರ್ಷ ಎಕೋಲ್ ಪಾಲಿಟೆಕ್ನಿಕ್ ಅನ್ನೂ ಕೆಲಕಾಲ ಮುಚ್ಚಿದರು. ಅಷ್ಟರಲ್ಲಿ ಅವರ ಆರೋಗ್ಯ ಕೆಟ್ಟಿತ್ತು. 1818ರ ಜುಲೈ 28ರಂದು ಪ್ಯಾರಿಸಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಹೋಗಲು ವಿದ್ಯಾರ್ಥಿಗಳು ಅನುಮತಿ ಕೇಳಿದರು, ಸರ್ಕಾರ ಕೊಡಲಿಲ್ಲ. ಅವರು ಗಲಾಟೆ ಮಾಡದೆ, ಆಮೇಲೆ ಸಿಕ್ಕ ರಜೆಯ ದಿನ ಎಲ್ಲರೂ ಸೇರಿ ಸಮಾಧಿಗೆ ಹೋಗಿ ಬಂದರು. 1989ರಲ್ಲಿ ಅವರ ಅವಶೇಷವನ್ನು ಪ್ಯಾರಿಸಿನ ಪ್ಯಾಂಥಿಯನ್‌ಗೆ ತಂದು ಇಟ್ಟಿದ್ದಾರೆ.

ಕಳೆದ ಶುಕ್ರವಾರ ಜುಮಾ ಮುಗಿಸಿ ಊಟಕ್ಕೆ ಬಂದ ಅಬ್ಬಾ ಅವರಿಗೆ ನೋಟ್‌ಬುಕ್ ಮತ್ತು ಪೆನ್ನಿನ ಆಟ ತೋರಿಸಿದೆ. ಅವರು ಎರಡು ಸಲ ಪುಟ ಮಲಗಿಸಿ, ಎರಡು ಸಲ ನಿಲ್ಲಿಸಿ ನೋಡಿದರು. ಆಮೇಲೆ ತಮ್ಮ ಚೀಲದಿಂದ ಈಗ ನಡೆಯುತ್ತಿರುವ ಕೆಲಸದ ಪ್ಲಾನ್ ತೆಗೆದು ಹರಡಿ, ಇದರಲ್ಲಿ ಮೆಟ್ಟಿಲಿನ ಏರು ಎಲ್ಲಿ ಬರೆದಿದ್ದಾರೆ ತೋರಿಸು ಎಂದರು. ಊಟ ಆರಿಹೋಯಿತು.

ಆ ಡ್ರಾಯಿಂಗ್ ಪುಸ್ತಕವನ್ನು ಸೋಮವಾರ ಗ್ರಂಥಾಲಯಕ್ಕೆ ವಾಪಸ್ಸು ಕೊಡುತ್ತೇನೆ. ಬೇಕಾದವರು ಕೆಳಗಿನ ಕಪಾಟಿನಲ್ಲಿ ನೋಡಿ. ರಟ್ಟು ಹಾಕಿಸಿದ್ದೇನೆ, ಆದರೆ ನಡುವಿನ ಕೆಲವು ಹಾಳೆಗಳು ಇನ್ನೂ ಸಡಿಲವಾಗಿವೆ, ಜೋಪಾನ.